ಅವರ ಏಳು ಗಂಟೆ, ನಮ್ಮ ಏಳು ಗಂಟೆ

ಈ ಸಲದ ಟಿಪ್ಪಣಿ ಬೆಳೆ ಬಗ್ಗೆ ಅಲ್ಲ, ಕರೆಂಟಿನ ದರದ ಬಗ್ಗೆ. ಸ್ವಲ್ಪ ಉದ್ದ ಇದೆ. ಸಂಜೆ ಹಾಲು ಹಾಕಿ ಬಂದ ಮೇಲೆ ಕೂತು ಓದಿ.

ನಮ್ಮ ಕಡೆಯ ಹುಡುಗನೊಬ್ಬ ಇಂಗ್ಲೆಂಡಿನಲ್ಲಿದಾನೆ. ಮನೆಯಲ್ಲಿದ್ದ ಗ್ಯಾಸ್ ಬಾಯ್ಲರ್ ತೆಗೆಸಿ ಹೀಟ್ ಪಂಪ್ ಹಾಕಿಸಿದಾನಂತೆ. ಈಗ ಯಾವ ಕರೆಂಟ್ ಪ್ಲಾನ್ ತಗೋಬೇಕು ಅಂತ ಅವನಿಗೆ ಚಿಂತೆ. ಅವನ ಅಪ್ಪ ನನ್ನ ಕೇಳಿದ್ರು: "ಅಲ್ಲಪ್ಪಾ, ಮೊಬೈಲ್ ರೀಚಾರ್ಜ್ ಥರ ಕರೆಂಟಿಗೂ ಪ್ಲಾನ್ ಇರುತ್ತಾ?" ಇರುತ್ತೆ. ಆ ಪ್ಲಾನುಗಳು ಯಾಕೆ ಹುಟ್ಟಿದವು ಅನ್ನೋದಕ್ಕೆ ನೂರಮೂವತ್ತು ವರ್ಷದ ಕಥೆ ಇದೆ. ಓದ್ತಾ ಹೋದ್ರೆ ಅದರಲ್ಲಿ ನಮ್ಮ ಪಂಪ್‌ಸೆಟ್ಟಿನ ಕಥೆಯೂ ಸಿಗುತ್ತೆ. ಅದಕ್ಕೇ ಇಲ್ಲಿ ಬರೀತಾ ಇದೀನಿ.

ಮೊದಲು ಹೀಟ್ ಪಂಪ್ ಅಂದ್ರೇನು ಅಂತ ಹೇಳಿಬಿಡ್ತೀನಿ. ನಮ್ಮ ಕೊಳವೆಬಾವಿ ಮೋಟಾರು ನೀರನ್ನ ತಯಾರು ಮಾಡಲ್ಲ, ಕೆಳಗಿರೋ ನೀರನ್ನ ಮೇಲಕ್ಕೆ ಎತ್ತುತ್ತೆ ಅಷ್ಟೆ. ಹೀಟ್ ಪಂಪ್ ಕೂಡ ಹಾಗೇ. ಕಾಯಿಲ್ ಹೀಟರ್ ಥರ ಶಾಖ ಹುಟ್ಟಿಸಲ್ಲ. ಹೊರಗಿನ ತಣ್ಣನೆ ಗಾಳಿಯಲ್ಲೋ ನೆಲದಲ್ಲೋ ಇರೋ ಶಾಖವನ್ನ ಎತ್ತಿ ಮನೆಯೊಳಗೆ ಬಿಡುತ್ತೆ. ಫ್ರಿಜ್ಜಿನ ಹಿಂದೆ ಕೈ ಇಟ್ರೆ ಬೆಚ್ಚಗಿರುತ್ತಲ್ಲ, ಅದೇ ಕೆಲಸ. ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ ಶಾಖ ಸಿಗುತ್ತೆ. ನೀರಿನ ಮಟ್ಟ ಕೆಳಗೆ ಹೋದಷ್ಟೂ ಮೋಟಾರು ಹೆಚ್ಚು ತಿಣುಕೋ ಹಾಗೆ, ಹೊರಗೆ ಚಳಿ ಹೆಚ್ಚಾದಷ್ಟೂ, ಒಳಗೆ ಹೆಚ್ಚು ಬಿಸಿ ಕೇಳಿದಷ್ಟೂ ಇದಕ್ಕೂ ಕರೆಂಟ್ ಜಾಸ್ತಿ ಬೇಕು.

ಇದು ಹೊಸ ಯಂತ್ರವೇನಲ್ಲ. ಕೆಲ್ವಿನ್ ಅನ್ನೋ ವಿಜ್ಞಾನಿ 1852ರಲ್ಲೇ ಈ ಯೋಚನೆ ಬರೆದಿಟ್ಟಿದ್ದ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಪುರಭವನಕ್ಕೆ 1938ರಲ್ಲಿ ಪಕ್ಕದ ಹೊಳೆ ನೀರಿನಿಂದ ಶಾಖ ಎತ್ತೋ ಪಂಪ್ ಹಾಕಿದ್ರು. ಇಂಗ್ಲೆಂಡಿನ ನಾರ್ವಿಚ್ ಪಟ್ಟಣದಲ್ಲಿ ಜಾನ್ ಸಮ್ನರ್ ಅನ್ನೋ ಎಂಜಿನಿಯರ್ ಎರಡನೇ ಮಹಾಯುದ್ಧ ಮುಗಿಯೋ ಹೊತ್ತಿಗೆ ವೆನ್ಸಮ್ ಹೊಳೆಯಿಂದ ಶಾಖ ಎತ್ತಿ ಅಲ್ಲಿನ ವಿದ್ಯುತ್ ಕಚೇರಿಯನ್ನೇ ಬೆಚ್ಚಗಿಟ್ಟ. ಯಂತ್ರ ಅವತ್ತೇ ಇತ್ತು. ಆದ್ರೆ ಕಲ್ಲಿದ್ದಲು, ಎಣ್ಣೆ, ಆಮೇಲೆ ಗ್ಯಾಸ್ ಅಗ್ಗವಾಗಿ ಸಿಗ್ತಾ ಇದ್ದಾಗ ಅದನ್ನ ಕೇಳೋರು ಕಡಿಮೆ ಇದ್ರು. ಹೀಟ್ ಪಂಪ್ ಕೈಗೆಟುಕುತ್ತಾ ಇಲ್ವಾ ಅನ್ನೋದು ಅವತ್ತೂ ಕರೆಂಟಿನ ದರದ ಮೇಲೇ ನಿಂತಿತ್ತು, ಇವತ್ತೂ ಅದರ ಮೇಲೇ ನಿಂತಿದೆ.

ಈಗ ದರದ ಕಥೆಗೆ ಬರೋಣ.

ಎಡಿಸನ್ 1882ರಲ್ಲಿ ನ್ಯೂಯಾರ್ಕಿನಲ್ಲಿ ಕರೆಂಟ್ ಮಾರೋಕೆ ಶುರು ಮಾಡಿದ. ಮಾರೋದೇನೋ ಸರಿ, ಅಳೆಯೋದು ಹೇಗೆ? ಹಾಲಿಗೆ ಲೀಟರ್ ಇದೆ, ರಾಗಿಗೆ ಸೇರು ಇದೆ. ಎಡಿಸನ್ನಿನ ಮೀಟರ್ ಒಂದು ಗಾಜಿನ ಜಾಡಿ. ಒಳಗೆ ಸತುವಿನ ಪಟ್ಟಿ, ಸತುವಿನ ದ್ರಾವಣ. ಕರೆಂಟ್ ಹರಿದಷ್ಟು ಸತು ಕರಗುತ್ತಿತ್ತು. ತಿಂಗಳಿಗೊಮ್ಮೆ ಆಳು ಬಂದು ಆ ಪಟ್ಟಿ ತೂಗಿ ಬಿಲ್ ಮಾಡ್ತಿದ್ದ. ಮೀಟರ್ ಇಲ್ಲದ ಕಂಪನಿಗಳು ಬಲ್ಬಿಗೆ ಇಷ್ಟು ಅಂತ ತಿಂಗಳ ದುಡ್ಡು ವಸೂಲಿ ಮಾಡ್ತಿದ್ವು. ನಮ್ಮ ಭಾಗ್ಯಜ್ಯೋತಿಯ ಒಂದು ಬಲ್ಬಿನ ಲೆಕ್ಕ ಇತ್ತಲ್ಲ, ಹೆಚ್ಚುಕಡಿಮೆ ಹಾಗೆ. ದುಡ್ಡು ಕೊಟ್ಟಾದ ಮೇಲೆ ಬಲ್ಬ್ ಆರಿಸೋಕೆ ಯಾರಿಗೂ ಕಾರಣವೇ ಇರಲಿಲ್ಲ.

ಆಮೇಲೆ ಒಳ್ಳೆ ಮೀಟರ್ ಬಂತು, ಯೂನಿಟ್ಟಿಗೆ ಇಷ್ಟು ಅಂತಾಯ್ತು. ನ್ಯಾಯ ಸಿಕ್ತು ಅಂದ್ಕೊಂಡ್ರು. ಆಗ ಜಾನ್ ಹಾಪ್‌ಕಿನ್‌ಸನ್ ಅನ್ನೋ ಇಂಗ್ಲಿಷ್ ಎಂಜಿನಿಯರ್ 1892ರಲ್ಲಿ ಒಂದು ಭಾಷಣ ಮಾಡಿ, ಈ ಲೆಕ್ಕ ಅರ್ಧ ಮಾತ್ರ ಸರಿ ಅಂದ. ಅವನ ವಾದವನ್ನ ನಮ್ಮ ಭಾಷೆಯಲ್ಲಿ ಹೇಳ್ತೀನಿ. ಊರಲ್ಲಿ ಒಬ್ರು ಒಕ್ಕಣೆ ಮಿಷನ್ ಇಟ್ಟಿದಾರೆ ಅಂದ್ಕೊಳ್ಳಿ. ಡೀಸೆಲ್ ಖರ್ಚು ಓಡಿದಾಗ ಮಾತ್ರ. ಆದ್ರೆ ಮಿಷನ್ನಿನ ಸಾಲ, ಬಡ್ಡಿ, ಶೆಡ್ಡು, ಆಳಿನ ಸಂಬಳ ಮಿಷನ್ ನಿಂತಿದ್ರೂ ಓಡ್ತಾನೇ ಇರುತ್ತೆ. ಸುಗ್ಗಿಯ ಹತ್ತು ದಿನ ಎಲ್ರಿಗೂ ಒಟ್ಟಿಗೇ ಮಿಷನ್ ಬೇಕು. ಆ ಹತ್ತು ದಿನಕ್ಕಾಗಿ ಇನ್ನೊಂದು ಮಿಷನ್ ತಂದ್ರೆ ಅದು ವರ್ಷವೆಲ್ಲಾ ಸುಮ್ನೆ ನಿಂತಿರುತ್ತೆ. ಕರೆಂಟ್ ಕಂಪನಿಯ ಕಷ್ಟವೂ ಇದೇ. ಸಂಜೆ ಎಲ್ರೂ ಒಟ್ಟಿಗೆ ದೀಪ ಹಾಕೋ ಎರಡು ಗಂಟೆಗಾಗಿ ಇಡೀ ಸ್ಟೇಷನ್ ಕಟ್ಟಬೇಕು. ಆದ್ದರಿಂದ ಬಿಲ್ಲಿನಲ್ಲಿ ಎರಡು ಭಾಗ ಇರ್ಲಿ ಅಂದ ಹಾಪ್‌ಕಿನ್‌ಸನ್. ನೀನು ಅತಿ ಹೆಚ್ಚು ಅಂದ್ರೆ ಎಷ್ಟು ಎಳೀತೀಯೋ ಅದಕ್ಕೊಂದು ನಿಗದಿ ದುಡ್ಡು, ಎಳೆದ ಯೂನಿಟ್ಟಿಗೆ ಇನ್ನೊಂದು ದುಡ್ಡು. ಇವತ್ತು ನಮ್ಮ ಮನೆ ಬಿಲ್ಲಿನಲ್ಲಿ ಕಾಣೋ ನಿಗದಿತ ಶುಲ್ಕ ಮತ್ತು ಬಳಕೆ ಶುಲ್ಕದ ಬೇರು ಅಲ್ಲಿದೆ.

ಬ್ರೈಟನ್ ಪಟ್ಟಣದ ಎಂಜಿನಿಯರ್ ಆರ್ಥರ್ ರೈಟ್, ಗ್ರಾಹಕ ಅತಿ ಹೆಚ್ಚು ಎಳೆದದ್ದು ಎಷ್ಟು ಅಂತ ತೋರಿಸೋ ಮೀಟರನ್ನೇ ಮಾಡಿದ. ಎಡಿಸನ್ ಹತ್ರ ಕಾರ್ಯದರ್ಶಿಯಾಗಿದ್ದು ಆಮೇಲೆ ಷಿಕಾಗೋದ ವಿದ್ಯುತ್ ಕಂಪನಿಗೆ ಅಧ್ಯಕ್ಷನಾದ ಸ್ಯಾಮ್ಯುಯೆಲ್ ಇನ್ಸಲ್ 1894ರಲ್ಲಿ ಬ್ರೈಟನ್ನಿಗೆ ಹೋದಾಗ ಈ ಲೆಕ್ಕ ಕಲಿತು ಅಮೆರಿಕಕ್ಕೆ ಒಯ್ದ. ಅಂಗಡಿಗೆ ಸಂಜೆ ಕರೆಂಟ್ ಬೇಕು, ಟ್ರಾಮಿಗೆ ಬೆಳಗ್ಗೆ ಮತ್ತು ಸಂಜೆ ಬೇಕು, ಕಾರ್ಖಾನೆಗೆ ಹಗಲು ಬೇಕು. ಬೇರೆ ಬೇರೆ ಹೊತ್ತಿನ ಗಿರಾಕಿಗಳನ್ನ ಒಂದೇ ಸ್ಟೇಷನ್ನಿಗೆ ಕಟ್ಟಿದ್ರೆ ಸ್ಟೇಷನ್ ಖಾಲಿ ನಿಲ್ಲಲ್ಲ ಅನ್ನೋದು ಅವನ ವ್ಯಾಪಾರದ ಗುಟ್ಟು.

ನಮ್ಮ ಮೈಸೂರು ರಾಜ್ಯ ಹೆಚ್ಚುಕಡಿಮೆ ಅದೇ ಕಾಲಕ್ಕೆ ಈ ಕಥೆಯೊಳಗೆ ಬಂತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕೊಟ್ರು. ಬೆಂಗಳೂರಿಗೆ ದೀಪ ಬಂದಿದ್ದು 1905ರಲ್ಲಿ. ಗಣಿ ಯಾಕೆ ಮೊದಲು? ಗಣಿ ಹಗಲೂ ರಾತ್ರಿ ಒಂದೇ ಸಮ ಕರೆಂಟ್ ಎಳೆಯುತ್ತೆ. ಹೊಸ ಸ್ಟೇಷನ್ನಿಗೆ ಇದಕ್ಕಿಂತ ಒಳ್ಳೆ ಗಿರಾಕಿ ಬೇಕಾ? ಗಣಿ ಕಂಪನಿಗಳ ಜೊತೆ ಆಗಿದ್ದ ಒಪ್ಪಂದವೂ ಯೂನಿಟ್ ಲೆಕ್ಕದ್ದಲ್ಲ, ಒಂದು ಎಚ್‌ಪಿಗೆ ವರ್ಷಕ್ಕೆ ಇಷ್ಟು ಅನ್ನೋ ಲೆಕ್ಕದ್ದು. ಎಚ್‌ಪಿ ಲೆಕ್ಕ ಅನ್ನೋದು ನಮ್ಮ ನಾಡಿನಲ್ಲಿ ಪಂಪ್‌ಸೆಟ್‌ಗಿಂತ ಹಳೇದು.

ಹಾಪ್‌ಕಿನ್‌ಸನ್ "ಎಷ್ಟು ದೊಡ್ಡ ಲೋಡ್" ಅಂತ ಕೇಳಿದ. "ಯಾವ ಹೊತ್ತಿನಲ್ಲಿ" ಅನ್ನೋ ಪ್ರಶ್ನೆ ಜೋರಾಗಿ ಎದ್ದಿದ್ದು ಎರಡನೇ ಮಹಾಯುದ್ಧದ ನಂತರ. ಬ್ರಿಟನ್ನಿನಲ್ಲಿ ಸ್ಟೇಷನ್ ಸಾಲದು, ಕಲ್ಲಿದ್ದಲು ಸಾಲದು, ಚಳಿಗಾಲದಲ್ಲಿ ಜನ ಎಲ್ಲಾ ಒಟ್ಟಿಗೆ ವಿದ್ಯುತ್ ಒಲೆ ಹಚ್ಚೋರು. 1948-49ರ ಚಳಿಗಾಲಕ್ಕೆ ಯೂನಿಟ್ ದರ ಏರಿಸಿ, ಉಳಿದ ಕಾಲಕ್ಕೆ ಇಳಿಸಿ ನೋಡಿದ್ರು. ಫಲ ಸಿಗಲಿಲ್ಲ, ಒಂದೇ ಚಳಿಗಾಲಕ್ಕೆ ಕೈಬಿಟ್ರು. ಕಾರಣ ಸರಳ. ಸಂಜೆ ಐದಕ್ಕೆ ಹಚ್ಚಿದವನಿಗೂ ಮಧ್ಯರಾತ್ರಿ ಹಚ್ಚಿದವನಿಗೂ ಒಂದೇ ದರ. ಅದೂ ಗೊತ್ತಾಗೋದು ಬಿಲ್ ಬಂದ ಮೇಲೆ. ಅಷ್ಟೊತ್ತಿಗೆ ಚಳಿಯೇ ಮುಗಿದಿರ್ತಿತ್ತು. ಹೊತ್ತನ್ನ ಹೇಳದೆ ಬರೀ ದರ ಏರಿಸಿದ್ರೆ ಜನಕ್ಕೆ ಹೊರೆ ಆಗುತ್ತೆ, ಅಭ್ಯಾಸ ಮಾತ್ರ ಬದಲಾಗಲ್ಲ.

ಅದೇ ಹೊತ್ತಿಗೆ ಫ್ರಾನ್ಸಿನಲ್ಲಿ ಮಾರ್ಸೆಲ್ ಬೊಯ್ತೊ ಅನ್ನೋ ಅರ್ಥಶಾಸ್ತ್ರಜ್ಞ 1949ರಲ್ಲಿ ಲೆಕ್ಕ ಹಾಕಿ ತೋರಿಸಿದ: ಒತ್ತಡದ ಹೊತ್ತಿನ ಕರೆಂಟಿಗೂ ಬಿಡುವಿನ ಹೊತ್ತಿನ ಕರೆಂಟಿಗೂ ಬೇರೆ ಬೇರೆ ಬೆಲೆ ಇರಬೇಕು, ಒತ್ತಡದ ಹೊತ್ತಿಗೆ ಸ್ಟೇಷನ್ ಕಟ್ಟಿಸೋರೇ ಅದರ ಖರ್ಚು ಹೊರಬೇಕು. ಮುಂದೆ ಫ್ರಾನ್ಸಿನ ಮನೆಗಳಲ್ಲಿ ಬಿಸಿನೀರಿನ ಟ್ಯಾಂಕುಗಳು ರಾತ್ರಿಯ ಬಿಡುವಿನ ಹೊತ್ತಲ್ಲೇ ಕಾಯೋ ಪದ್ಧತಿ ಬಂತು. ಟ್ಯಾಂಕಿಗೆ ಸಿಗ್ನಲ್ ಕರೆಂಟಿನ ತಂತಿಯಲ್ಲೇ ಬರ್ತಿತ್ತು.

ಬ್ರಿಟನ್ 1978ರ ಅಕ್ಟೋಬರಿನಲ್ಲಿ "ಎಕಾನಮಿ ಸೆವೆನ್" ಅಂತ ಪ್ಲಾನ್ ತಂತು. ಹೆಸರೇ ಹೇಳೋ ಹಾಗೆ ರಾತ್ರಿ ಏಳು ಗಂಟೆ ಕಾಲ ಅಗ್ಗದ ಕರೆಂಟ್. ಮನೆಯೊಳಗೆ ಇಟ್ಟಿಗೆ ತುಂಬಿದ ಹೀಟರ್ ಇರುತ್ತೆ. ರಾತ್ರಿ ಇಟ್ಟಿಗೆ ಕಾಯುತ್ತೆ, ಹಗಲು ನಿಧಾನಕ್ಕೆ ಶಾಖ ಬಿಡುತ್ತೆ. ಅನೇಕ ಮನೆಗಳಿಗೆ ದರ ಬದಲಾಯಿಸೋ, ಹೀಟರ್ ಹಾಕೋ ಸಿಗ್ನಲ್ ರೇಡಿಯೋ ಮೂಲಕ ಬರ್ತಿತ್ತು. ಜನ ವಾರ್ತೆ ಕೇಳ್ತಿದ್ದ ಬಿಬಿಸಿಯ 198 ಕಿಲೋಹರ್ಟ್ಸ್ ಲಾಂಗ್‌ವೇವ್ ಅಲೆಯೇ ಅದನ್ನ ಹೊತ್ತು ತರ್ತಿತ್ತು. ಇದರಿಂದ ಎಲ್ಲಾ ಹೀಟರೂ ಒಂದೇ ನಿಮಿಷಕ್ಕೆ ಶುರುವಾಗದ ಹಾಗೆ ಗುಂಪು ಗುಂಪಾಗಿ ಹಾಕಬಹುದಿತ್ತು. ನಮ್ಮಲ್ಲಿ ಕರೆಂಟ್ ಬಂದ ತಕ್ಷಣ ಎಲ್ಲಾ ಆಟೋ ಸ್ಟಾರ್ಟರೂ ಒಟ್ಟಿಗೆ ಎದ್ದು ಟಿಸಿ ಸುಟ್ಟುಹೋಗೋದನ್ನ ನೋಡಿದೋರಿಗೆ ಇದರ ಬೆಲೆ ಗೊತ್ತಾಗುತ್ತೆ.

ಎಕಾನಮಿ ಸೆವೆನ್‌ನಲ್ಲಿ ಒಂದು ಕೊಕ್ಕೆ ಇತ್ತು. ರಾತ್ರಿ ದರ ಕಡಿಮೆ, ಹಗಲಿನ ದರ ಮಾಮೂಲಿಗಿಂತ ಜಾಸ್ತಿ. ಒಟ್ಟು ಬಳಕೆಯಲ್ಲಿ ಸುಮಾರು ಶೇಕಡಾ 40ರಷ್ಟಾದ್ರೂ ರಾತ್ರಿ ಬಳಸದಿದ್ರೆ ನಷ್ಟ ಅಂತ ಅಲ್ಲಿ ಸಲಹೆ ಕೊಡೋರು ಹೇಳ್ತಾರೆ. ಇಟ್ಟಿಗೆ ಬೇರೆ ಸಂಜೆ ಹೊತ್ತಿಗೆ ಆರಿಹೋಗ್ತಿತ್ತು. ಚಳಿ ಹೆಚ್ಚಾಗೋ ಹೊತ್ತಿಗೆ ಶಾಖ ಖಾಲಿ. ಆಗ ಸಂಜೆಯ ದುಬಾರಿ ಕರೆಂಟಲ್ಲೇ ಇನ್ನೊಂದು ಹೀಟರ್ ಹಾಕಬೇಕು.

ಈಗ ಹೀಟ್ ಪಂಪ್ ಮನೆಗೆ ಬನ್ನಿ. ಆ ಇಟ್ಟಿಗೆ ಹೀಟರಿನ ಪ್ಲಾನ್ ಇದಕ್ಕೆ ಹೊಂದಲ್ಲ. ಹೀಟ್ ಪಂಪ್ ಸಣ್ಣ ಉರಿಯಲ್ಲಿ ತುಂಬಾ ಹೊತ್ತು ಓಡೋ ಯಂತ್ರ. ರೇಡಿಯೇಟರಿನಲ್ಲಿ 35ರಿಂದ 45 ಡಿಗ್ರಿ ನೀರು ಹರೀತಾ ಇದ್ರೆ ಅದಕ್ಕೆ ಸುಖ. ರಾತ್ರಿ ಏಳು ಗಂಟೆಯಲ್ಲೇ ಎಲ್ಲಾ ಕೆಲಸ ಮುಗಿಸು ಅಂದ್ರೆ ಹೊರಗೆ ಅತಿ ಹೆಚ್ಚು ಚಳಿ ಇರೋ ಹೊತ್ತಲ್ಲಿ, ಅತಿ ಹೆಚ್ಚು ಬಿಸಿ ಮಾಡಬೇಕಾಗುತ್ತೆ. ನೀರಿನ ಮಟ್ಟ ಕುಸಿದ ಹೊತ್ತಲ್ಲೇ ಗುಡ್ಡದ ಮೇಲಿನ ತೋಟಕ್ಕೆ ನೀರು ಹಾಯಿಸಿದ ಹಾಗೆ. ಅದಕ್ಕೇ ಹೀಟ್ ಪಂಪ್ ಮನೆಗಳಿಗೆ ಅಂತ ಬೇರೆ ಪ್ಲಾನ್ ಬಂದ್ವು. ಅಲ್ಲಿನ ಆಕ್ಟೋಪಸ್ ಅನ್ನೋ ಕಂಪನಿಯ ಕೋಸಿ ಪ್ಲಾನನ್ನೇ ನೋಡಿ. ಬೆಳಗಿನ ಜಾವ 4ರಿಂದ 7, ಮಧ್ಯಾಹ್ನ 1ರಿಂದ 4, ರಾತ್ರಿ 10ರಿಂದ 12 ಅಗ್ಗ. ಸಂಜೆ 4ರಿಂದ 7 ದುಬಾರಿ. ಅಗ್ಗದ ಹೊತ್ತನ್ನ ದಿನದಲ್ಲಿ ಮೂರು ಕಡೆ ಹಂಚಿದಾರೆ. ದುಬಾರಿ ಹೊತ್ತು ಶುರುವಾಗೋಕೆ ಮೊದಲು ಮನೆಯ ಗೋಡೆ, ನೆಲ, ನೀರಿನ ಟ್ಯಾಂಕಿಗೆ ಶಾಖ ತುಂಬಿಸಿಕೊಂಡು ಆ ಮೂರು ಗಂಟೆ ಸುಮ್ನೆ ಕೂತಿರಬಹುದು. ಅರ್ಧರ್ಧ ಗಂಟೆಯ ಬಳಕೆ ಬರೆದಿಡೋ ಸ್ಮಾರ್ಟ್ ಮೀಟರ್ ಬಂದಿದ್ದರಿಂದ ಇದು ಸಾಧ್ಯ ಆಯ್ತು.

ಲೆಕ್ಕ ನೋಡಿ. ಸುಲಭಕ್ಕೆ ದುಂಡು ಸಂಖ್ಯೆ ಇಟ್ಕೊಂಡಿದೀನಿ. ಬ್ರಿಟನ್ನಿನಲ್ಲಿ ಈಚಿನ ವರ್ಷಗಳಲ್ಲಿ ಕರೆಂಟಿನ ಯೂನಿಟ್ ಬೆಲೆ ಗ್ಯಾಸಿನದಕ್ಕಿಂತ ಸುಮಾರು ನಾಲ್ಕು ಪಟ್ಟು. ಗ್ಯಾಸ್ ಯೂನಿಟ್ಟಿಗೆ 6 ಪೆನ್ಸ್, ಕರೆಂಟ್ 24 ಪೆನ್ಸ್ ಅಂದ್ಕೊಳ್ಳಿ. ಗ್ಯಾಸ್ ಬಾಯ್ಲರಿನಲ್ಲಿ ಹತ್ತರಲ್ಲಿ ಒಂದು ಪಾಲು ಹೊಗೆಯಲ್ಲಿ ಹೋಗುತ್ತೆ, ಹಾಗಾಗಿ ಒಂದು ಯೂನಿಟ್ ಶಾಖಕ್ಕೆ 6.7 ಪೆನ್ಸ್ ಬೀಳುತ್ತೆ. ಹೀಟ್ ಪಂಪ್ ಒಂದಕ್ಕೆ ಮೂರು ಕೊಟ್ರೆ ಶಾಖದ ಯೂನಿಟ್ಟಿಗೆ 8 ಪೆನ್ಸ್. ಅಂದ್ರೆ ದಿನವಿಡೀ ಒಂದೇ ದರದ ಪ್ಲಾನಿನಲ್ಲಿ ಅಷ್ಟು ಒಳ್ಳೆ ಯಂತ್ರ ಹಾಕಿಸಿಯೂ ಬಿಲ್ ಏರುತ್ತೆ.

ಅದೇ ಮನೆ ಹೊತ್ತಿನ ಪ್ಲಾನ್ ತಗೊಂಡ್ರೆ? ಅಗ್ಗದ ಹೊತ್ತು 12, ಮಾಮೂಲಿ 24, ದುಬಾರಿ 36 ಪೆನ್ಸ್ ಅಂತಿಟ್ಕೊಳ್ಳಿ. ಚಳಿಗಾಲದಲ್ಲಿ ದಿನಕ್ಕೆ 24 ಯೂನಿಟ್ ಬೇಕು. 12 ಯೂನಿಟ್ ಅಗ್ಗದ ಹೊತ್ತಲ್ಲಿ, 10 ಮಾಮೂಲಿ ಹೊತ್ತಲ್ಲಿ, 2 ಮಾತ್ರ ದುಬಾರಿ ಹೊತ್ತಲ್ಲಿ ಎಳೆದ್ರೆ ಒಟ್ಟು 456 ಪೆನ್ಸ್, ಯೂನಿಟ್ಟಿಗೆ 19. ಶಾಖದ ಯೂನಿಟ್ಟಿಗೆ 6.3 ಪೆನ್ಸ್, ಗ್ಯಾಸಿಗಿಂತ ಕಡಿಮೆ. ಆದ್ರೆ ಅದೇ ಪ್ಲಾನಿನಲ್ಲಿ 4 ಅಗ್ಗ, 14 ಮಾಮೂಲಿ, 6 ದುಬಾರಿ ಹೊತ್ತಲ್ಲಿ ಎಳೆದ್ರೆ 600 ಪೆನ್ಸ್, ಯೂನಿಟ್ಟಿಗೆ 25. ಒಂದೇ ದರದ ಪ್ಲಾನಿಗಿಂತ ಕೆಟ್ಟದ್ದು! ಮನೆ ಅದೇ, ಯಂತ್ರ ಅದೇ, ಪ್ಲಾನೂ ಅದೇ. ಮನೆ ಶಾಖ ಹಿಡಿದಿಡುತ್ತಾ, ದೊಡ್ಡ ಟ್ಯಾಂಕ್ ಇದೆಯಾ, ಟೈಮರ್ ಸರಿಯಾಗಿ ಇಟ್ಟಿದಾರಾ ಅನ್ನೋದು ಬೇರೆ. ಗೋಡೆಯಲ್ಲಿ ಗಾಳಿ ನುಗ್ಗೋ ಮನೆಗೆ ಅಗ್ಗದ ಹೊತ್ತು ಇದ್ರೂ ಉಪಯೋಗ ಇಲ್ಲ. ಇನ್ನೊಂದು ಮಾತು. ಗ್ಯಾಸ್ ಸಂಪರ್ಕವನ್ನೇ ಪೂರ್ತಿ ತೆಗೆಸಿದ್ರೆ ದಿನಕ್ಕೆ ಸುಮಾರು 30 ಪೆನ್ಸ್ ನಿಗದಿ ಶುಲ್ಕ ಉಳಿಯುತ್ತೆ, ವರ್ಷಕ್ಕೆ ನೂರು ಪೌಂಡಿಗೂ ಹೆಚ್ಚು. ಅಡುಗೆಗೆ ಇರಲಿ ಅಂತ ಗ್ಯಾಸ್ ಉಳಿಸ್ಕೊಂಡ್ರೆ ಈ ಲಾಭ ಹೋಯ್ತು.

ಹಾಗಾಗಿ ಪ್ಲಾನ್ ಆರಿಸೋರು ಚರಿತ್ರೆ ಕಲಿಸಿದ ನಾಲ್ಕು ಪ್ರಶ್ನೆ ಇದೇ ಕ್ರಮದಲ್ಲಿ ಕೇಳ್ಕೊಂಡ್ರೆ ಸಾಕು. ಎಷ್ಟು ಯೂನಿಟ್? ಎಷ್ಟು ನಿಗದಿ ಶುಲ್ಕ? ಯಾವ ಹೊತ್ತು? ಆ ಹೊತ್ತಲ್ಲಿ ತಗೊಂಡಿದ್ದನ್ನ ಕೂಡಿಡೋಕೆ ನನ್ನ ಹತ್ರ ಜಾಗ ಇದೆಯಾ? ನಾಲ್ಕನೇ ಪ್ರಶ್ನೆಗೆ ಉತ್ತರ ಇಲ್ಲದೋರು ಒಂದೇ ದರದ ಪ್ಲಾನಿನಲ್ಲೇ ಇರೋದು ಕ್ಷೇಮ.

ಈಗ ನಮ್ಮ ಹೊಲಕ್ಕೆ ಬರೋಣ. ನಮ್ಮ ಪಂಪ್‌ಸೆಟ್ಟುಗಳಿಗೆ ಮೊದಲು ಮೀಟರ್ ಇತ್ತು. ಆಮೇಲೆ ಎಚ್‌ಪಿಗೆ ಇಷ್ಟು ಅಂತಾಯ್ತು. ಅಂದ್ರೆ ಹಾಪ್‌ಕಿನ್‌ಸನ್ ಹೇಳಿದ ಎರಡು ಭಾಗದಲ್ಲಿ ಒಂದೇ ಭಾಗ ಉಳೀತು. ಇಟ್ಟ ಮೋಟಾರಿಗೆ ದುಡ್ಡು, ಓಡಿದ ಹೊತ್ತಿಗೆ ಇಲ್ಲ. 2008ರಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಆ ಭಾಗವೂ ಹೋಗಿ ಉಚಿತ ಆಯ್ತು. ಮಳೆ ನಂಬಿ ಬದುಕೋ ಸೀಮೆಗೆ ಅದು ದೊಡ್ಡ ಆಸರೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಕರೆಂಟಿಗೆ ಬೆಲೆ ಇಲ್ಲ ಅಂದ ಮೇಲೆ ಹೊತ್ತನ್ನ ಹಂಚೋಕೆ ಬೆಲೆಯ ಬದಲು ಸಬ್‌ಸ್ಟೇಷನ್ನಿನ ಸ್ವಿಚ್ ಬಂತು. ದಿನಕ್ಕೆ ಏಳು ಗಂಟೆ ತ್ರೀ ಫೇಸ್, ಅದರಲ್ಲಿ ಸ್ವಲ್ಪ ಹಗಲು, ಸ್ವಲ್ಪ ರಾತ್ರಿ, ಬ್ಯಾಚ್ ಮೇಲೆ ಬ್ಯಾಚ್.

ಅವರಿಗೂ ಏಳು ಗಂಟೆ, ನಮಗೂ ಏಳು ಗಂಟೆ. ಗ್ರಿಡ್ಡಿಗೆ ಎರಡರಿಂದಲೂ ಆದ ಉಪಕಾರ ಒಂದೇ: ಜನ ಮಲಗಿದಾಗ ಖಾಲಿ ನಿಲ್ಲೋ ಸ್ಟೇಷನ್ನಿಗೆ ಕೆಲಸ ಸಿಕ್ತು. ಅಲ್ಲಿ ಆ ಉಪಕಾರಕ್ಕೆ ಅಗ್ಗದ ದರ ಕೊಟ್ಟು, ಬೇಕಾದ್ರೆ ತಗೋ ಬೇಡಾದ್ರೆ ಬಿಡು ಅಂದ್ರು. ಇಟ್ಟಿಗೆ ಕಾಯೋವಾಗ ಮನೆಯೋರು ನಿದ್ದೆ ಮಾಡ್ತಿದ್ರು. ಇಲ್ಲಿ ರಾತ್ರಿ ಎರಡಕ್ಕೆ ಟಾರ್ಚ್ ಹಿಡ್ಕೊಂಡು ಗೇಟ್‌ವಾಲ್ವ್ ತಿರುಗಿಸೋಕೆ ಹೋಗೋರು ನಾವೇ. ಹಾವು, ಹಂದಿ, ಚಿರತೆ, ಒದ್ದೆ ಕೈಯಲ್ಲಿ ಸ್ಟಾರ್ಟರ್. "ಉಚಿತ" ಅನ್ನೋ ಲೆಕ್ಕದಲ್ಲಿ ಈ ನಿದ್ದೆಯ ಖರ್ಚು ಎಲ್ಲೂ ಬರೆದಿಲ್ಲ.

ಇದನ್ನ ಈಗ ಯಾಕೆ ಎತ್ತಿದೆ ಅಂದ್ರೆ ಗ್ರಿಡ್ಡಿನ ಬಿಡುವಿನ ಹೊತ್ತೇ ಬದಲಾಗಿದೆ. ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಬಂದ ಮೇಲೆ, ಬೇರೆ ಕಡೆಯೂ ಸೋಲಾರ್ ಹೆಚ್ಚಾದ ಮೇಲೆ ಕರೆಂಟ್ ಹೇರಳವಾಗಿ ಹುಟ್ಟೋದು ಮಧ್ಯಾಹ್ನ. ಕೇಂದ್ರ ಸರ್ಕಾರ 2023ರಲ್ಲಿ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಿದ್ದುಪಡಿ ತಂತು. ಬಿಸಿಲಿನ ಹೊತ್ತಿನ ದರ ಮಾಮೂಲಿಗಿಂತ ಕನಿಷ್ಠ ಶೇಕಡಾ 20 ಕಡಿಮೆ ಇರಬೇಕು, ಒತ್ತಡದ ಹೊತ್ತಲ್ಲಿ ವಾಣಿಜ್ಯ ಮತ್ತು ಕೈಗಾರಿಕೆಗೆ ಕನಿಷ್ಠ ಶೇಕಡಾ 20, ಉಳಿದೋರಿಗೆ ಕನಿಷ್ಠ ಶೇಕಡಾ 10 ಹೆಚ್ಚಿರಬೇಕು ಅಂತ ಅದರಲ್ಲಿದೆ. ದೊಡ್ಡ ವಾಣಿಜ್ಯ ಮತ್ತು ಕೈಗಾರಿಕಾ ಗ್ರಾಹಕರಿಗೆ 2024ರ ಏಪ್ರಿಲ್, ಉಳಿದೋರಿಗೆ 2025ರ ಏಪ್ರಿಲ್ ಗಡುವು ಹಾಕಿದ್ರು. ಕೃಷಿ ಗ್ರಾಹಕರನ್ನ ಮಾತ್ರ ಹೊರಗಿಟ್ರು.

ಹೊರಗಿಟ್ಟಿದ್ದು ಒಂದು ರೀತಿಯಲ್ಲಿ ಒಳ್ಳೇದೇ, ಸಂಜೆಯ ಹೆಚ್ಚಿನ ದರ ನಮ್ಮ ತಲೆಗೆ ಬರಲ್ಲ. ಆದ್ರೆ ಒಂದು ವಿಷಯ ಯೋಚನೆ ಮಾಡಿ. ಮಧ್ಯಾಹ್ನ ಹೆಚ್ಚಾದ ಸೋಲಾರ್ ಕರೆಂಟನ್ನ ಹೀರೋಕೆ ಪಂಪ್‌ಸೆಟ್‌ಗಿಂತ ಹೊಂದೋ ಲೋಡ್ ಬೇರೆ ಯಾವುದಿದೆ? ಇಂಗ್ಲೆಂಡಿನ ಮನೆಗೆ ಶಾಖ ಕೂಡಿಡೋಕೆ ಗೋಡೆ ಮತ್ತು ಟ್ಯಾಂಕ್. ನಮಗೆ ಕೂಡಿಡೋಕೆ ಕೃಷಿಹೊಂಡ, ತೊಟ್ಟಿ, ಕಡೆಗೆ ಮಣ್ಣೇ ಇದೆ. ನಾಲ್ಕನೇ ಪ್ರಶ್ನೆಗೆ ನಮ್ಮ ಹತ್ರ ಉತ್ತರ ಇದೆ. ಪಿಎಂ ಕುಸುಮ್ ಯೋಜನೆಯಲ್ಲಿ ಕೃಷಿ ಫೀಡರಿಗೇ ಸೋಲಾರ್ ಜೋಡಿಸಿ ಹಗಲು ಕರೆಂಟ್ ಕೊಡೋ ಅವಕಾಶವೂ ಇದೆ.

ವಿದ್ಯುತ್ ನಿಯಂತ್ರಣ ಆಯೋಗ ದರ ನಿಗದಿಗೆ ಮುಂಚೆ ಸಾರ್ವಜನಿಕ ವಿಚಾರಣೆ ಇಡುತ್ತೆ, ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತೆ, ಆಕ್ಷೇಪಣೆ ಬರೆದು ಕೊಡೋಕೆ ಯಾವ ಗ್ರಾಹಕನಿಗಾದ್ರೂ ಹಕ್ಕಿದೆ. ಅಲ್ಲಿ ನಾವು ಸಾಮಾನ್ಯವಾಗಿ ಕೇಳೋದು "ಏಳು ಗಂಟೆ ಸಾಲದು, ಒಂಬತ್ತು ಕೊಡಿ" ಅಂತ. ಮುಂದಿನ ಸಲ ಅದರ ಜೊತೆಗೆ ನಮ್ಮ ಫೀಡರಿಗೆ ಆ ಏಳು ಗಂಟೆ ಬೆಳಗ್ಗೆ ಒಂಬತ್ತರಿಂದ ಸಂಜೆ ನಾಲ್ಕರೊಳಗೇ ಬರಲಿ ಅಂತಲೂ ಬರೆದು ಕೊಡೋಣ. ಈಗ ಯಾವ ಫೀಡರಿಗೆ ಯಾವ ಹೊತ್ತು ಬರ್ತಾ ಇದೆ ಅಂತ ಒಂದು ತಿಂಗಳು ಡೈರಿಯಲ್ಲಿ ಬರೆದಿಟ್ಕೊಳ್ಳಿ: ದಿನಾಂಕ, ಬಂದ ಸಮಯ, ಹೋದ ಸಮಯ, ಎಷ್ಟು ಸಲ ಟ್ರಿಪ್ ಆಯ್ತು. ನಾಲ್ಕೈದು ಊರಿನ ಪಟ್ಟಿ ಒಟ್ಟಿಗೆ ಸೇರಿದ್ರೆ ವಿಚಾರಣೆಯಲ್ಲಿ ಅದಕ್ಕೆ ತೂಕ ಬರುತ್ತೆ. ನಾನು ಈ ಸೋಮವಾರದಿಂದ ನಮ್ಮ ಫೀಡರಿನದು ಬರೆಯೋಕೆ ಶುರು ಮಾಡ್ತೀನಿ.